ಸೋಮವಾರದ ಪಾಳಿ

ಜನವರಿ 3, 1990. ಬುಧವಾರ

ಕಾಟಲಿಂಗ ಗಣಿಯಿಂದ ಈ ಡೈರಿ ತಂದುಕೊಟ್ಟ. ಹೊಸ ವರ್ಷಕ್ಕೆ ಕಂಪನಿಯವರು ಟಿಪ್ಪರ್ ಓಡಿಸುವವರಿಗೆಲ್ಲ ಒಂದೊಂದು ಹಂಚಿದರಂತೆ. ನನ್ನ ಮಗನಿಗೆ ಬರೆಯುವುದೆಂದರೆ ಬೇಸರ. ಅವ್ವ, ಯಾವಾಗಲೂ ಒಬ್ಬಳೇ ಗೊಣಗುತ್ತಿರುತ್ತೀಯಲ್ಲ, ಇನ್ನು ಇದರೊಳಗೆ ಗೊಣಗು ಎಂದ. ಮಗನ ಬಾಯಿಗೆ ಹೆದರುವ ಹೆಂಗಸಲ್ಲ ನಾನು. ಇಸಿದುಕೊಂಡೆ. ನಾಲ್ಕನೇ ಕ್ಲಾಸು ಓದಿದವಳು, ಸುಮ್ಮನೆ ಅಲ್ಲ.

ಮೊದಲ ಹಾಳೆಯಲ್ಲಿ ನಮ್ಮ ಗುಡ್ಡದ ಬಣ್ಣದ ಚಿತ್ರ ಹಾಕಿದ್ದಾರೆ, ಅರ್ಧ ಕಡಿದ ಗುಡ್ಡ. ನಾನು ಈ ಕಣಿವೆಹಟ್ಟಿಗೆ ಸೊಸೆಯಾಗಿ ಬಂದಾಗ ಅದಕ್ಕೆ ತಲೆ ಇತ್ತು. ಬೆಳಿಗ್ಗೆ ಎದ್ದು ಮುಖ ತೊಳೆದು ಅದಕ್ಕೇ ಕೈ ಮುಗಿಯುತ್ತಿದ್ದೆವು. ಈಗ ಎಲ್ಲಿಗೆ ಮುಗಿಯಬೇಕೋ ಗೊತ್ತಾಗುವುದಿಲ್ಲ.

ಭತ್ತ ಬಡಿದು ತೂರಿದ್ದಾಯಿತು. ಕಾಳು ಗಟ್ಟಿಯಾಗಿದೆ. ನಮ್ಮ ಯಜಮಾನರು ಇದ್ದಿದ್ದರೆ ಒಂದು ಹಿಡಿ ಬಾಯಿಗೆ ಹಾಕಿಕೊಂಡು ಕಟುಂ ಅಂತ ಕಡಿದು, ಪರವಾಗಿಲ್ಲ ಕಣೇ ಅನ್ನುತ್ತಿದ್ದರು. ಅವರ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಬಂದದ್ದು ನಾನು ಕೇಳಿಲ್ಲ. ಅವರು ಹೋಗಿ ಮೂರು ಸುಗ್ಗಿ ಆಯಿತು.

ಜನವರಿ 17, ಬುಧವಾರ

ಕಂಪನಿಯ ಇಂಜಿನಿಯರು ಬಂದಿದ್ದರು. ಹುಡುಗ ಒಳ್ಳೆಯವನೇ, ಮಾತು ಮೆತ್ತಗೆ. ಕೆರೆ ಏರಿಯ ಮೇಲೆ ಏಳೂ ಮನೆಯವರನ್ನು ಕೂರಿಸಿಕೊಂಡು ಹೇಳಿದ್ದನ್ನು ನನ್ನ ತಲೆಗೆ ಹತ್ತಿದ ಹಾಗೆ ಬರೆಯುತ್ತೇನೆ.

ಗುಡ್ಡದ ಆಚೆ ಗಣಿಯ ಗುಂಡಿ ಆಳಕ್ಕೆ ಹೋದಂತೆ ನೀರು ಉಕ್ಕುತ್ತಿದೆ. ಪಂಪು ಹಚ್ಚಿ ಎತ್ತಿ ಹಾಕುತ್ತಾರೆ, ಅದರಲ್ಲೇ ಅದಿರು ತೊಳೆಯುತ್ತಾರೆ. ಹಾಗಾಗಿ ಗುಡ್ಡದ ಬುಡದಲ್ಲಿ ಹುಟ್ಟುತ್ತಿದ್ದ ಹಳ್ಳ ಬತ್ತಿಹೋಗಿದೆ. ಕೆಳಗಿನ ಬನ್ನಿಕೆರೆಯ ಕೆರೆಗೆ ಆ ಹಳ್ಳವೇ ತಾಯಿ. ನಮ್ಮ ಕೆರೆಗೆ ಇತ್ತಲ ಕಣಿವೆಯ ಮಳೆನೀರು ಬರುತ್ತದೆ, ನಮಗೇನೂ ಆಗಿಲ್ಲ. ಕೆಳಗಿನವರು ಚಿತ್ರದುರ್ಗದವರೆಗೂ ಹೋಗಿ ಅರ್ಜಿ ಕೊಟ್ಟು ಗಲಾಟೆ ಮಾಡಿದರು. ಎಷ್ಟು ನೀರು ತೆಗೆಯುತ್ತೀರೋ ಅಷ್ಟನ್ನು ಆ ಕೆರೆಗೆ ಸೇರಿಸಿ, ಇಲ್ಲವಾದರೆ ಗಣಿ ನಿಲ್ಲಿಸಿ ಅಂತ ಮೇಲಿನಿಂದ ಅಪ್ಪಣೆ ಆಯಿತು.

ಆ ಗುಂಡಿಯ ನೀರನ್ನೇ ಬಿಡಿ ಎಂದೆ. ತೊಳೆದ ಮೇಲೆ ಅದು ಕೆಂಪು ರಾಡಿಯಮ್ಮ, ಕೆರೆಗೆ ಬಿಡುವ ಹಾಗಿಲ್ಲ ಎಂದರು. ಅದಕ್ಕೇ ನಮ್ಮ ಪಾಳಿ ಕೇಳಲು ಬಂದಿದ್ದಾರೆ. ನಮ್ಮ ಕೆರೆಯ ಕೆಳಗೆ ಏಳು ಮನೆ, ವಾರಕ್ಕೆ ಏಳು ಪಾಳಿ, ಒಬ್ಬೊಬ್ಬರಿಗೆ ಒಂದೊಂದು ದಿನದ ನೀರು. ಅದರಲ್ಲಿ ನಾಲ್ಕು ಪಾಳಿಯನ್ನು ದುಡ್ಡು ತೆಗೆದುಕೊಂಡು ಕಂಪನಿಗೆ ಬರೆದುಕೊಡಬೇಕು. ಕೊಟ್ಟವರ ಗದ್ದೆಗೆ ಇನ್ನು ನೀರಿಲ್ಲ. ಆ ನಾಲ್ಕು ದಿನದ ನೀರು ಕಾಲುವೆಯಲ್ಲಿ ಹರಿದು ಹಳ್ಳಕ್ಕೆ ಬಿದ್ದು ಬನ್ನಿಕೆರೆಗೆ ಹೋಗುತ್ತದೆ. ಗಣಿ ಇರುವ ತನಕ ಹೀಗೆ. ಗಣಿ ನನಗಿಂತ ಹೆಚ್ಚು ದಿನ ಇರುತ್ತದೆ, ಅದರಲ್ಲಿ ಅನುಮಾನವಿಲ್ಲ.

ಮಂಗಳವಾರ, ಬುಧವಾರ, ಗುರುವಾರದವರು ಒಪ್ಪಿದರು. ಅವರಿಗೆ ಬೋರು ಇದೆ, ಗಾಳಿ ಬಂದಾಗ ತೂರಿಕೊಂಡರು. ಇನ್ನೊಂದು ಬೇಕು. ಎಲ್ಲರೂ ನನ್ನ ಕಡೆ ನೋಡಿದರು. ಸೋಮವಾರದ ಪಾಳಿ ನಮ್ಮದು. ಕೊನೆಯ ಗದ್ದೆಯೂ ನಮ್ಮದೇ, ಅದನ್ನು ದಾಟಿದರೆ ಹಳ್ಳ.

ಪಾಳಿ ಯಾರ ಹೆಸರಲ್ಲಿದೆಯಮ್ಮ ಅಂತ ಇಂಜಿನಿಯರು ಕೇಳಿದರು. ನನ್ನ ಹೆಸರಿಗೇ ಆಗಿದೆ ಎಂದೆ. ಗಂಡನ ಹೆಸರು? ನಾನು ಸೆರಗು ಸರಿಮಾಡಿಕೊಂಡು, ತೂಬು ಎತ್ತಿ ನೀರು ಹಂಚುವ ನೀರುಗಂಟಿ ಎತ್ತಪ್ಪನ ಮುಖ ನೋಡಿದೆ. ಅವನೇ ಹೇಳಿದ. ಹೆಂಡತಿ ಗಂಡನ ಹೆಸರು ಹೇಳಬಾರದು ಅನ್ನುವುದೂ ಗೊತ್ತಿಲ್ಲದ ಹುಡುಗನಿಗೆ ನೀರಿನ ಮಾತು ಏನು ಗೊತ್ತಿರುತ್ತದೆ.

ಕೊಡುವುದಿಲ್ಲ ಎಂದು ಎದ್ದು ಬಂದೆ.

ಫೆಬ್ರವರಿ 5, ಸೋಮವಾರ

ಇವತ್ತು ನಮ್ಮ ಪಾಳಿ. ಬೇಸಿಗೆ ಬೆಳೆಗೆ ಅರ್ಧ ಗದ್ದೆಗಷ್ಟೇ ನೀರು. ಸನಿಕೆ ಹೆಗಲಿಗೇರಿಸಿ ತೂಬಿನಿಂದ ಗದ್ದೆಯ ತನಕ ನೀರಿನ ಜೊತೆ ನಡೆದೆ.

ನಮ್ಮಲ್ಲಿ ನೀರನ್ನು ಒಂಟಿಯಾಗಿ ಕಳಿಸುವುದಿಲ್ಲ. ಪಾಳಿಯವರು ನೀರಿನ ಮೂತಿಯ ಜೊತೆಯಲ್ಲೇ ನಡೆಯಬೇಕು, ಬರಿಗಾಲಲ್ಲಿ. ದಾರಿಯ ಗದ್ದೆಯವರು ಯಾರ ನೀರು ಅಂತ ಕೇಳುತ್ತಾರೆ. ಮನೆಯ ಯಜಮಾನನ ಹೆಸರು ಹೇಳಿದರೆ ದಾರಿ ಬಿಡುತ್ತಾರೆ. ಹೇಳುವವರೇ ಇಲ್ಲದಿದ್ದರೆ ಅದು ಆಳಿಲ್ಲದ ನೀರು, ಯಾರು ಬೇಕಾದರೂ ತಮ್ಮ ಗದ್ದೆಗೆ ತಿರುಗಿಸಿಕೊಳ್ಳಬಹುದು. ಅದು ಕಳ್ಳತನವಲ್ಲ.

ಮದುವೆಯಾದ ವರ್ಷ ಯಜಮಾನರಿಗೆ ಚಳಿಜ್ವರ ಬಂದು ಪಾಳಿಯ ದಿನವೇ ಮಲಗಿಬಿಟ್ಟರು. ಹದಿನೈದರ ಹುಡುಗಿ ನಾನು, ಸನಿಕೆ ನನಗಿಂತ ಉದ್ದ. ಹೊಸ ಸೊಸೆ ನೀರಿನ ಜೊತೆ ಬರುತ್ತಾಳೆ ಅಂತ ಸುದ್ದಿ ಹಬ್ಬಿ ಒಂದೊಂದು ಬದುವಿನ ಮೇಲೂ ಹೆಂಗಸರು ಸಾಲಾಗಿ ನಿಂತಿದ್ದರು, ನನ್ನ ಬಾಯಿಂದ ಗಂಡನ ಹೆಸರು ಹೊರಡಿಸಲೇಬೇಕು ಅಂತ. ಯಾರ ನೀರಮ್ಮ, ಯಾರ ನೀರು? ನಾನು ನಾಚಿಕೊಂಡು, ನಮ್ಮತ್ತೆಯ ಮಗಂದು ಎಂದೆ. ಯಾವತ್ತೆ? ಮಲಗಿರೋರ ಅವ್ವ. ಯಾರು ಮಲಗಿರೋದು? ಕೊನೆಗೆ ಅಳು ಬಂತು. ಆಗ ಎತ್ತಪ್ಪನ ಅಪ್ಪ, ಅವನೇ ಆಗಿನ ನೀರುಗಂಟಿ, ಬಂದು ಎಲ್ಲರನ್ನೂ ಗದರಿಸಿ ದಾರಿ ಬಿಡಿಸಿದ. ಮನೆಗೆ ಬಂದು ಹೇಳಿದರೆ ಅವರು ಜ್ವರದಲ್ಲೇ ಕಂಬಳಿಯೊಳಗೆ ನಕ್ಕರು. ಮಗ ಹುಟ್ಟಿದ ಮೇಲೆ ಸಲೀಸಾಯಿತು, ಕಾಟಲಿಂಗನ ಅಪ್ಪಂದು ಅಂದರೆ ಮುಗಿಯಿತು. ಇವತ್ತಿಗೂ ಹಾಗೇ ಅನ್ನುತ್ತೇನೆ. ಕಾಗದ ಯಾರ ಹೆಸರಲ್ಲಿದ್ದರೂ ಸತ್ತವರ ಪಾಳಿ ಮಗನಿಗೆ ಬರುತ್ತದೆ, ಕಾಟಲಿಂಗನ ನೀರು ಅನ್ನಬೇಕು ಅಂತ ಎತ್ತಪ್ಪ ತಿದ್ದುತ್ತಾನೆ. ನಾಲಿಗೆ ಹೊರಳುವುದಿಲ್ಲ.

ಈ ನೀರನ್ನು ಕೆಳಗಿನವರಿಗೆ ಕೊಡಬೇಕಂತೆ.

ಒಂಬತ್ತು ವರ್ಷದ ಹಿಂದೆ ಮಳೆ ಕಮ್ಮಿಯಾದಾಗ ಬೆಳಗಿನ ಜಾವಕ್ಕೆ ಬಂದು, ನೀರು ಕೆಳಗೆ ಹರಿಸಿಕೊಳ್ಳಲು ನಮ್ಮ ಕೋಡಿಯ ಕಲ್ಲು ಕಿತ್ತವರು ಅವರು. ತಡೆಯಲು ಹೋದ ಯಜಮಾನರು ತಳ್ಳಾಟದಲ್ಲಿ ಕಲ್ಲಿನ ಸಂದಿಗೆ ಬಿದ್ದು ಮಂಡಿ ಒಡೆದುಕೊಂಡರು. ಸಾಯುವ ತನಕ ಕುಂಟಿದರು. ಇನ್ನು ಆ ಊರ ಒಂದು ಹನಿ ನೀರು ನನ್ನ ಮನೆಯವರು ಕುಡಿಯಲ್ಲ ಅಂತ ಆಣೆ ಇಟ್ಟರು. ನಾನೂ ಕುಡಿದಿಲ್ಲ. ಕೀಳುವವರ ಮುಂದೆ ನಿಂತಿದ್ದವನು ಬನ್ನಿಕೆರೆಯ ಪಾಲಣ್ಣ. ಒಡಹುಟ್ಟಿದವನು ಅಂತ ಬರೆಯಲು ಕೈ ಬರುವುದಿಲ್ಲ, ಆದರೆ ನಿಜ ನಿಜವೇ.

ಫೆಬ್ರವರಿ 12, ಸೋಮವಾರ

ಇಂಜಿನಿಯರು ಮತ್ತೆ ಬಂದಿದ್ದರು. ಮಜ್ಜಿಗೆ ಕೊಟ್ಟೆ. ಪಾಳಿ ಕೊಡಲಿಲ್ಲ.

ಕಾಟಲಿಂಗನನ್ನು ಕೇಳಿದರೆ, ನಿನ್ನ ಹೆಸರಲ್ಲಿದೆ ನೀನೇ ನೋಡಿಕೋ ಅನ್ನುತ್ತಾನೆ. ಇವನೂ ಅಪ್ಪನ ಹಾಗೆ. ಹೆಣ್ಣಿಗೆ ಹಟ ಇರಬಾರದು ಅಂತ ಎತ್ತಪ್ಪ ಗಾದೆ ಹೇಳಿದ. ಗಾದೆಯ ಇನ್ನರ್ಧ ಏನು ಹೇಳಪ್ಪ ಎಂದೆ. ಬೀಡಿ ಆರಿಸಿ ಎದ್ದು ಹೋದ.

ಮಾರ್ಚ್ 9, ಶುಕ್ರವಾರ

ಏನೂ ಕೆಲಸವಿಲ್ಲ. ಮಧ್ಯಾಹ್ನ ಕಣ್ಣು ಮುಚ್ಚಿದರೆ ಹಳ್ಳ ಹರಿಯುವ ಸದ್ದು ಕೇಳಿಸಿತು. ಬತ್ತಿದ ಹಳ್ಳ ಎಲ್ಲಿಂದ ಸದ್ದು ಮಾಡುತ್ತದೆ.

ನಾನು ಚಿಕ್ಕವಳಿದ್ದಾಗ ಮಳೆಗಾಲಕ್ಕೆ ಆ ಹಳ್ಳ ಎದೆಯುದ್ದ ಬರುತ್ತಿತ್ತು. ಸ್ಕೂಲು ಇದ್ದದ್ದು ಬಿ.ದುರ್ಗದಲ್ಲಿ, ಹಳ್ಳದ ಆಚೆ. ಬನ್ನಿಕೆರೆಯ ಹೆಣ್ಣುಮಕ್ಕಳು ಯಾರೂ ಓದಲು ಹೋಗುತ್ತಿರಲಿಲ್ಲ. ಪಾಲಣ್ಣ ಕುರಿ ಹಿಂದೆ ಹೋಗುವವನು, ಅವನೇ ಅಪ್ಪನ ಹತ್ತಿರ ಜಗಳ ಮಾಡಿ ನನ್ನನ್ನು ಸೇರಿಸಿದ್ದು. ದಿನಾ ಹಳ್ಳದವರೆಗೆ ಕುರಿ ಹೊಡೆದುಕೊಂಡು ಬಂದು, ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ದಾಟಿಸುತ್ತಿದ್ದ. ಸಂಜೆ ಮತ್ತೆ ಅಲ್ಲೇ ಕಾಯುತ್ತಿದ್ದ. ದಾಟುವಾಗ ಇವತ್ತು ಏನು ಕಲಿಸಿದರು ಹೇಳು, ಇಲ್ಲವಾದರೆ ನೀರಿಗೆ ಬಿಟ್ಟುಬಿಡ್ತೀನಿ ಅನ್ನುತ್ತಿದ್ದ. ನಾನು ಅವನ ತಲೆಗೂದಲು ಹಿಡಿದುಕೊಂಡು ಮಗ್ಗಿ ಹೇಳುತ್ತಿದ್ದೆ. ಹಾಗೆ ಕೇಳಿ ಕೇಳಿಯೇ ಅವನಿಗೆ ಹತ್ತರ ತನಕ ಮಗ್ಗಿ ಬಾಯಿಗೆ ಬಂತು.

ಸ್ವಾತಂತ್ರ್ಯ ಬಂದ ದಿನ ಹಳ್ಳ ಕೆಂಪಗೆ ಉಕ್ಕಿತ್ತು. ಬಾವುಟ ಏರಿಸುತ್ತಾರೆ, ಬೆಲ್ಲ ಕೊಡುತ್ತಾರೆ, ಹೋಗಲೇಬೇಕು ಅಂತ ನಾನು ಹಟ ಹಿಡಿದೆ. ಕತ್ತಿನ ತನಕ ನೀರಿನಲ್ಲಿ ನನ್ನನ್ನು ಎತ್ತಿ ಹಿಡಿದು ದಾಟಿಸಿದ. ನನ್ನ ಲಂಗದ ಅಂಚೂ ನೆನೆಯಲಿಲ್ಲ. ಅವನು ಒದ್ದೆ ಬಟ್ಟೆಯಲ್ಲಿ ಸ್ಕೂಲಿನ ಹೊರಗೇ ನಿಂತಿದ್ದ. ನನಗೆ ಕೊಟ್ಟ ಬೆಲ್ಲದಲ್ಲಿ ಅರ್ಧ ಮುರಿದು ಕೊಟ್ಟೆ. ಅವನು ಅದನ್ನು ತಿನ್ನದೆ ಮರಿಹಾಕಿದ ಕುರಿಗೆ ತಿನ್ನಿಸಿಬಿಟ್ಟ. ಎಷ್ಟು ಕೋಪ ಬಂದಿತ್ತು ನನಗೆ.

ಇದೆಲ್ಲ ಯಾಕೆ ಬರೆದೆನೋ. ಕೋಡಿ ಕಿತ್ತವನೂ ಅವನೇ.

ಮಾರ್ಚ್ 28, ಬುಧವಾರ

ನಿನ್ನೆ ಯುಗಾದಿ. ಇವತ್ತು ಮಧ್ಯಾಹ್ನ ಅಂಗಳದಲ್ಲಿ ಯಾರೋ ನಿಂತ ಹಾಗಾಯಿತು. ನೋಡಿದರೆ ಜುಂಜಮ್ಮ, ಪಾಲಣ್ಣನ ಹೆಂಡತಿ, ನನ್ನ ಅತ್ತಿಗೆ. ಒಂಬತ್ತು ವರ್ಷದ ಮೇಲೆ. ತಲೆ ಪೂರಾ ಬೆಳ್ಳಗಾಗಿದೆ. ಅವಳೇ ಬಂದು ಕಂಬಕ್ಕೆ ಒರಗಿ ಕುಳಿತಳು.

ಸೆರಗಿನಲ್ಲಿ ಗಂಟು ಕಟ್ಟಿಕೊಂಡು ಬಂದಿದ್ದಳು, ತವರ ಅಕ್ಕಿ. ಯುಗಾದಿಗೆ ಹೆಣ್ಣುಮಗಳ ಮನೆಗೆ ಕೆರೆ ಕೆಳಗಿನ ಹೊಸ ಅಕ್ಕಿ ಕೊಟ್ಟು ಬರುವುದು ನಮ್ಮಪ್ಪ ಮಾಡಿದ ಪದ್ಧತಿ. ಗಂಡ ಇದ್ದಾಗ ಮಡಿಲಿಗೆ ಹಾಕುತ್ತಿದ್ದರು. "ಈಗ ಮಡಿಲಿಗೆ ಹಾಕೋ ಹಂಗಿಲ್ಲ ನಾಗಕ್ಕ, ಮಡಕೆಗೇ ಹಾಕ್ಕ" ಎಂದು ಗಂಟು ಮುಂದಿಟ್ಟಳು.

ಬಿಚ್ಚಿ ಕೈ ಆಡಿಸಿದೆ. ಬನ್ನಿಕೆರೆಯ ಅಕ್ಕಿ ಕೆಂಪಗೆ ಗುಂಡಗೆ ಇರುತ್ತದೆ, ಬೇಯುವಾಗ ಬೀದಿಗೆಲ್ಲ ಗಮ್ಮೆನ್ನುತ್ತದೆ. ಇದು ಬೆಳ್ಳಗೆ, ಮುರುಕಲು, ನಡುನಡುವೆ ಕಲ್ಲು. ಗೋಣಿಚೀಲದ ವಾಸನೆ. ಸೊಸೈಟಿಯ ರೇಷನ್ ಅಕ್ಕಿ.

ನಾನು ಅವಳ ಮುಖ ನೋಡಿದೆ. ಅವಳು ನನ್ನ ಕೈ ನೋಡುತ್ತಿದ್ದಳು. "ಎರಡು ವರ್ಷದಿಂದ ಕೆರೆ ಕೆಳಗೆ ಒಂದು ಪೈರಿಲ್ಲ. ಬರಿಗೈಲಿ ತವರೋರು ಬರಬಾರದು ಅಂತ ಇದನ್ನೇ ತಂದೆ" ಎಂದಳು. ಅಷ್ಟೇ. ಪಾಳಿಯ ಮಾತು ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಹೋಳಿಗೆ ಹಾಕಿದೆ, ಒಂದು ತಿಂದಳು, ಒಂದನ್ನು ಎಲೆಯಲ್ಲಿ ಸುತ್ತಿಕೊಂಡಳು. ಯಾರಿಗೆ ಅಂತ ಕೇಳಲಿಲ್ಲ, ಇನ್ನೆರಡು ಸೇರಿಸಿ ಕೊಟ್ಟೆ.

ಅವಳು ಹೋದ ಮೇಲೆ ಆ ಅಕ್ಕಿಯ ಕಲ್ಲು ಆರಿಸುತ್ತಾ ಕುಳಿತು ಅತ್ತೆ. ನಮ್ಮಪ್ಪ ಇದ್ದಿದ್ದರೆ ಈ ಗಂಟು ನೋಡಿ ಎದೆ ಒಡೆದುಕೊಳ್ಳುತ್ತಿದ್ದ.

ಮಾರ್ಚ್ 29, ಗುರುವಾರ

ಆ ಅಕ್ಕಿ ಬೇಯಿಸಿದೆ. ಉಂಡೆ.

ಮೇ 17, ಗುರುವಾರ

ಹೊಳಲ್ಕೆರೆಗೆ ಹೋಗಿ ಬಂದೆ, ಹಲ್ಲು ನೋವಿಗೆ. ಹಿಂದಿರುಗುವಾಗ ರಸ್ತೆಯಲ್ಲಿ ಕೆಲಸ ನಡೆಯುತ್ತಿದೆ ಅಂತ ಬಸ್ಸು ಬನ್ನಿಕೆರೆ ಏರಿಯ ಮೇಲೆ ಸುತ್ತಿ ಬಂತು. ನೋಡಬಾರದು ಅಂತ ಮುಖ ತಿರುಗಿಸಿದ್ದೆ. ಕತ್ತು ತಾನಾಗಿ ಹೊರಳಿತು.

ಕೆರೆಯ ನಡುವೆ ಒಂದು ಬಂಡೆ ಇದೆ, ಕುರಿಬಂಡೆ ಅನ್ನುತ್ತಿದ್ದೆವು. ಉಣ್ಣೆ ಕತ್ತರಿಸುವ ಮೊದಲು ಕುರಿಗಳ ಮೈ ತೊಳೆಯುವುದು ಅದರ ಹತ್ತಿರ. ಅಪ್ಪ ಸೊಂಟದುದ್ದ ನೀರಲ್ಲಿ ನಿಂತು ಒಂದೊಂದನ್ನೇ ಎತ್ತಿ ಮುಳುಗಿಸುತ್ತಿದ್ದ, ಅಣ್ಣ ಹಿಡಿದು ದಡಕ್ಕೆ ದಾಟಿಸುತ್ತಿದ್ದ. ನಾನು ಬಂಡೆಯ ನೆತ್ತಿಯ ಮೇಲೆ ಕುಳಿತು ಲೆಕ್ಕ ಹೇಳುತ್ತಿದ್ದೆ. ಒದ್ದೆ ಕುರಿಗಳೆಲ್ಲ ಒಟ್ಟಿಗೆ ಮೈ ಕೊಡವಿದರೆ ನಮ್ಮ ಮೇಲೆಲ್ಲ ತುಂತುರು ಬೀಳುತ್ತಿತ್ತು. ಆ ಬಂಡೆಗೆ ಬುಡವೇ ಇಲ್ಲ, ಪಾತಾಳದಿಂದ ಎದ್ದಿದೆ ಅಂತ ಅಣ್ಣ ಹೆದರಿಸುತ್ತಿದ್ದ. ನಂಬಿದ್ದೆ.

ಇವತ್ತು ಅದರ ಬುಡ ಕಂಡಿತು. ಬಿರುಕು ಬಿಟ್ಟ ಕೆಸರಿನ ಮೇಲೆ ಸುಮ್ಮನೆ ಕುಳಿತಿದೆ. ಅದರ ನೆರಳಿನಲ್ಲಿ ನಾಲ್ಕು ಮೇಕೆ ಮಲಗಿದ್ದವು. ನಮ್ಮೂರ ಕೆರೆಯನ್ನು ಹೀಗೆ ನೋಡುತ್ತೇನೆ ಅಂದುಕೊಂಡಿರಲಿಲ್ಲ. ಬಸ್ಸಿನಲ್ಲಿ ಪಕ್ಕದವಳು, ಹಲ್ಲು ಅಷ್ಟು ನೋಯ್ತೈತಾ ಎಂದಳು. ಹೂಂ ಎಂದೆ.

ಆಗಸ್ಟ್ 10, ಶುಕ್ರವಾರ

ಮಳೆ ಚೆನ್ನಾಗಿದೆ. ನಮ್ಮ ಕೆರೆ ಮುಕ್ಕಾಲು ತುಂಬಿತು. ಎಲ್ಲರೂ ಸಸಿಮಡಿ ಹಾಕಿದ್ದಾರೆ. ನಾನಿನ್ನೂ ಹಾಕಿಲ್ಲ. ಆಳು ಸಿಗಲಿಲ್ಲ, ಬೀಜದ ಭತ್ತವೂ ಹುಳ ಹಿಡಿದ ಹಾಗಿದೆ. ಮುಂದಿನ ವಾರ ನೋಡೋಣ.

ಆಗಸ್ಟ್ 31, ಶುಕ್ರವಾರ

ಮೂರು ಪಾಳಿಯ ನೀರನ್ನಾದರೂ ಬಿಟ್ಟು ನೋಡೋಣ ಅಂತ ಕಂಪನಿಯವರು ಮಂಗಳವಾರದಿಂದ ತೂಬು ಎತ್ತಿಸಿದರು. ಇಂಜಿನಿಯರು ತೂಬಿನ ಹತ್ತಿರ ನಿಂತು ಅಳತೆ ತೆಗೆದುಕೊಂಡರು. ಮೂರು ದಿನ ಹರಿಯಿತು. ಬನ್ನಿಕೆರೆಗೆ ಒಂದು ಬೊಗಸೆ ನೀರೂ ಸೇರಲಿಲ್ಲ.

ಆದದ್ದು ಇಷ್ಟು. ಪಾಳಿ ಮಾರಿದವರು, ಕೊಂಡವರು ನಡೆಯುತ್ತಾರೆ ಅಂತ ಮನೆಯಲ್ಲಿ ಕುಳಿತರು. ಕೊಂಡವರಿಗೆ ನಡೆಯಬೇಕೆಂಬುದೇ ಗೊತ್ತಿಲ್ಲ. ಕಂಪನಿಯಿಂದ ಆಳು ಬಂದಿರುತ್ತಾನೆ ಅಂತ ಎತ್ತಪ್ಪನೂ ತಿಳಿದಿದ್ದಾನೆ. ನೀರು ಒಂಟಿಯಾಗಿ ಹೊರಟಿತು. ಹಳ್ಳದ ದಂಡೆಯ ತೋಟದವರು, ರಾಗಿ ಹೊಲದವರು ಯಾರ ನೀರು ಅಂತ ಕೂಗಿದರಂತೆ. ಉತ್ತರವಿಲ್ಲ. ಆಳಿಲ್ಲದ ನೀರು ಅಂತ ಮೇಲಿಂದ ಮೇಲೆ ತಿರುಗಿಸಿಕೊಂಡರು. ಉಳಿದದ್ದನ್ನು ಮರಳು ಕುಡಿಯಿತು. ಯಾರನ್ನು ಬೈಯುವುದು? ಪದ್ಧತಿ ಅವರ ಕಡೆಗಿದೆ.

ಕೆರೆಯ ಬಾಯಲ್ಲಿ ಮೂರು ದಿನ ಕಾದವರ ಗತಿ ನೆನೆದು ಊಟ ಸೇರಲಿಲ್ಲ.

ಸೆಪ್ಟೆಂಬರ್ 4, ಮಂಗಳವಾರ

ಬನ್ನಿಕೆರೆಯವರು ಟ್ರ್ಯಾಕ್ಟರಿನಲ್ಲಿ ಬಂದರು. ನೀರು ಕದ್ದಿರಿ ಅಂತ ನಮ್ಮವರ ಮೇಲೆ, ನಾವು ಬಿಟ್ಟಿದ್ದೇವೆ ಅಂತ ನಮ್ಮವರು. ಮತ್ತೆ ಕೋಡಿ ಕೀಳುತ್ತೇವೆ ಅಂತ ಒಬ್ಬ ಅಂದ, ಬಾ ನೋಡೋಣ ಅಂತ ನಮ್ಮವನೊಬ್ಬ ಎದ್ದ.

ಅಷ್ಟರಲ್ಲಿ ಗುಂಪಿನಿಂದ ಒಬ್ಬ ಮುದುಕ ಹೊರಗೆ ಬಂದು ನಮ್ಮ ಮನೆಯ ಕಡೆ ನಡೆದ. ಆ ಹೆಗಲು ನೋಡಿ ಗುರುತು ಹಿಡಿದೆ, ಪಾಲಣ್ಣ. ಕಣ್ಣಿಗೆ ಪೊರೆ ಬಂದಿದೆ, ಬೇಲಿ ತಡವಿಕೊಂಡು ಬಂದ. ಅಂಗಳಕ್ಕೆ ಕಾಲಿಡಲಿಲ್ಲ. ಬೇಲಿಯ ಆಚೆಯೇ ನಿಂತು, "ನಾಗಿ, ಅದಿಯೇನವ್ವ" ಎಂದ. ನನ್ನನ್ನು ಹಾಗೆ ಕರೆಯುವವರು ಈ ಭೂಮಿಯ ಮೇಲೆ ಅವನೊಬ್ಬನೇ ಉಳಿದಿರುವುದು.

ಇದ್ದೀನಿ ಎಂದೆ.

"ನಿಮ್ಮತ್ತಿಗೆ ಬಂದು ಹೋದಳಂತೆ. ನಾನು ಕಳಿಸಿದ್ದಲ್ಲ. ಅಕ್ಕಿ ನೋಡಿ ನೀನು ಮನಸು ಕರಗಿಸಿಕೊಂಡಿದ್ರೆ ಬ್ಯಾಡ. ಆ ಸೋಮವಾರದ ನೀರು ಕೊಡಬ್ಯಾಡ. ಅದು ನಿನ್ನ ಗಂಡಂದು. ಅದನ್ನ ಕೇಳೋ ಮುಖ ನಮ್ಮೂರಲ್ಲಿ ಯಾರಿಗಾದ್ರೂ ಇರಬಹುದು, ನನಗಿಲ್ಲ."

ಹೇಳಿ ತಿರುಗಿದ. ಒಂದು ಕಾಲು ಎಳೆಯುತ್ತಿದ್ದ. ಯಾವಾಗಿನಿಂದಲೋ ಗೊತ್ತಿಲ್ಲ, ವಯಸ್ಸಿಗೆ ಬಂದ ಮಂಡಿನೋವಿರಬೇಕು. ನಮ್ಮ ಯಜಮಾನರೂ ಹಾಗೆಯೇ ಎಳೆಯುತ್ತಿದ್ದರು. ಒಂದು ಲೋಟ ನೀರು ಕುಡಿದು ಹೋಗು ಅನ್ನಬೇಕಿತ್ತು. ಅನ್ನುವಷ್ಟರಲ್ಲಿ ಟ್ರ್ಯಾಕ್ಟರಿನ ಹತ್ತಿರ ಹೋಗಿಬಿಟ್ಟಿದ್ದ.

ಸೆಪ್ಟೆಂಬರ್ 6, ಗುರುವಾರ

ಸಹಿ ಹಾಕಿದೆ. ನಾಗಕ್ಕ ಅಂತ, ಗುಂಡಗೆ, ಒತ್ತಕ್ಷರ ಸರಿಯಾಗಿ. ಅಣ್ಣನ ಹೆಗಲ ಮೇಲೆ ಹೋಗಿ ಕಲಿತ ಅಕ್ಷರ.

ಇಂಜಿನಿಯರಿಗೆ ಒಂದೇ ಮಾತು ಹೇಳಿದೆ, ಪಾಳಿ ನಿಮ್ಮದು, ನಡೆಯುವುದು ನನ್ನದು ಅಂತ. ಹಾಗೆಂದರೆ ಏನಮ್ಮ ಎಂದರು. ಎತ್ತಪ್ಪ ವಿವರಿಸಿದ. ಉಳಿದ ಮೂರು ಪಾಳಿಗೂ ಆಯಾ ಮನೆಯವರೇ ನಡೆಯಲಿ, ಕೂಲಿ ನಾವು ಕೊಡುತ್ತೇವೆ ಅಂತ ಅವರೂ ಒಪ್ಪಿದರು. ನನಗೆ ಕೂಲಿ ಬೇಡ ಎಂದೆ.

ಸಂಜೆ ಗದ್ದೆಗೆ ಹೋಗಿ ಬದುವಿನ ಮೇಲೆ ಕುಳಿತೆ. ಪ್ರತಿ ನಾಟಿಗೂ ಮೊದಲ ಸಸಿ ಯಜಮಾನರು ನೆಟ್ಟು, ಎರಡನೆಯದು ನನ್ನ ಕೈಗೆ ಕೊಡುತ್ತಿದ್ದರು. ಮೊಣಕಾಲುದ್ದ ಕೆಸರಿನಲ್ಲಿ ಅವರ ಮುಂಗೈ ನನ್ನ ಮುಂಗೈಗೆ ತಾಕುತ್ತಿತ್ತು. ಮನೆಯಲ್ಲಿ ಎಲ್ಲರ ಎದುರು ಅಷ್ಟು ಹತ್ತಿರ ನಿಲ್ಲಲು ಆಗುತ್ತಿತ್ತೇ. ಗದ್ದೆಯಲ್ಲಿ ಯಾರೂ ಏನೂ ಅನ್ನುತ್ತಿರಲಿಲ್ಲ. ಅದು ನಮ್ಮ ಗದ್ದೆಯಾಗಿತ್ತು.

ಮುಂದಿನ ವರ್ಷದಿಂದ ನವಣೆ ಚೆಲ್ಲುತ್ತೇನೆ. ಮಳೆಗೆ ಎಷ್ಟು ಬರುತ್ತದೋ ಬರಲಿ.

ಅಕ್ಟೋಬರ್ 24, ಬುಧವಾರ

ಇವತ್ತು ಬೆಳಿಗ್ಗೆ ಬಂದೆ. ಎರಡು ದಿನ ಬರೆಯಲಾಗಲಿಲ್ಲ, ಡೈರಿ ಇಲ್ಲಿತ್ತು, ನಾನು ಅಲ್ಲಿದ್ದೆ.

ಕೆರೆ ಕೋಡಿ ಬಿದ್ದ ಮೇಲೆಯೇ ಬಿಡಬೇಕು ಅಂತ ಕಾದಿದ್ದರು. ಮೊನ್ನೆ ಸೋಮವಾರ ಹೊತ್ತು ಮೂಡುವಾಗ ಎತ್ತಪ್ಪ ತೂಬು ಎತ್ತಿದ. ಸನಿಕೆ ಹೆಗಲಿಗೆ ಹಾಕಿಕೊಂಡು ಚಪ್ಪಲಿ ಏರಿಯ ಮೇಲೇ ಬಿಟ್ಟು ಹೊರಟೆ. ಕಾಲುವೆಯಲ್ಲಿ ನೀರಿಗೆ ದಾರಿ ಗೊತ್ತು, ಸರಸರ ಬಂತು. ನಮ್ಮ ಗದ್ದೆಯ ಹತ್ತಿರ ಬಂದಾಗ ಅದು ಎಂದಿನ ಹಾಗೆ ಎಡಕ್ಕೆ ಒತ್ತಿತು. ನನ್ನ ಕೈಯೂ ಎಂದಿನ ಹಾಗೆ ಬದುವಿನ ಬಾಯಿ ಕಡಿಯಲು ಸನಿಕೆ ಎತ್ತಿತು. ಎತ್ತಿದ್ದನ್ನು ಇಳಿಸಿದೆ. ಬದುವಿನ ಬಾಯಿಗೆ ಎರಡು ಹೆಂಟೆ ಮಣ್ಣು ಹಾಕಿ ಮೆಟ್ಟಿದೆ. ಹೋಗು ಎಂದೆ. ಸ್ವಲ್ಪ ಅತ್ತೆ, ನಡೆಯುತ್ತಲೇ ಅತ್ತೆ, ನೀರು ನಿಲ್ಲುವುದಿಲ್ಲವಲ್ಲ.

ಹಳ್ಳಕ್ಕೆ ಬಿದ್ದ ಮೇಲೆ ಮೆಲ್ಲಗಾಯಿತು. ಮರಳು ಕುಡಿಯಿತು, ಕುಡಿದು ತುಂಬಿದ ಮೇಲೆ ಬಿಟ್ಟಿತು. ಒಣಗಿದ ಎಲೆ, ಕಡ್ಡಿ ತಳ್ಳಿಕೊಂಡು ನೊರೆಯ ಮೂತಿ ತೆವಳುತ್ತಿತ್ತು. ನಾನು ಅಡ್ಡ ಬಿದ್ದ ಮುಳ್ಳು ಎಳೆಯುತ್ತಾ ಜೊತೆಗೆ ನಡೆದೆ. ತೋಟದವರು ಸನಿಕೆ ಹಿಡಿದು ಬಂದು ಯಾರ ನೀರು ಎಂದರು. ಕಾಟಲಿಂಗನ ಅಪ್ಪಂದು ಎಂದೆ. ದಾರಿ ಬಿಟ್ಟರು. ರಾಗಿ ಹೊಲದವರೂ ಕೇಳಿ ಬಿಟ್ಟರು. ಒಬ್ಬಳು ಮಾತ್ರ, ಎಲ್ಲಿಗೆ ಹೊರಟಿದ್ದಿ ಮುದುಕಿ ಎಂದಳು. ತವರಿಗೆ ಎಂದೆ.

ರಸ್ತೆಯ ಮೋರಿಯ ಹತ್ತಿರ ಟಿಪ್ಪರ್ ನಿಲ್ಲಿಸಿಕೊಂಡು ಕಾಟಲಿಂಗ ಕಾಯುತ್ತಿದ್ದ. ರೊಟ್ಟಿ ಕೊಟ್ಟ. ನಾನು ತಿನ್ನುವ ತನಕ ನನ್ನ ಸನಿಕೆ ಹಿಡಿದು ಅವನೇ ನೀರಿನ ಜೊತೆ ನಡೆದ. ಬೂಟು ಬಿಚ್ಚಿಟ್ಟು ನಡೆದ, ನಾನು ಹೇಳಿರಲಿಲ್ಲ.

ಹೊತ್ತು ಇಳಿಯುವಾಗ ಬನ್ನಿಕೆರೆ ಸೇರಿದೆ. ಏರಿಯ ತುಂಬ ಜನ. ಕೆರೆಯ ಬಾಯಲ್ಲಿ ಅಣ್ಣ ಸನಿಕೆ ಊರಿಕೊಂಡು ನಿಂತಿದ್ದ. ಆ ಊರಿನ ಹಿರಿಯ ಅವನೇ, ಕೇಳುವ ಹಕ್ಕು ಅವನದು. ಕೇಳದೆ ನೀರು ಒಳಗೆ ಬಿಟ್ಟುಕೊಳ್ಳುವ ಹಾಗಿಲ್ಲ. ಆದರೆ ಅವನು ಕೇಳುತ್ತಿಲ್ಲ. ತಲೆ ಬಗ್ಗಿಸಿ ನಿಂತಿದ್ದಾನೆ. ನೀರು ಅವನು ಹಾಕಿದ್ದ ಮಣ್ಣಿನ ಕಟ್ಟೆಗೆ ತಾಗಿ ನಿಂತಿತು, ಏರತೊಡಗಿತು.

ಕೇಳಣ್ಣ ಎಂದೆ.

"ಯಾರ ನೀರು?" ಎಂದ.

ಕಾಟಲಿಂಗನ ಅಪ್ಪಂದು ಅನ್ನಲು ಬಾಯಿ ತೆರೆದೆ. ಅದು ಸಾಲದು ಅನ್ನಿಸಿತು. ಈ ಊರಿನವರಿಂದ ಮಂಡಿ ಮುರಿದುಕೊಂಡವರ ನೀರು ಇದು. ಯಾರದ್ದು ಅಂತ ಈ ಊರು ಸರಿಯಾಗಿ ಕೇಳಿಸಿಕೊಳ್ಳಬೇಕು.

"ಕರಿಸಿದ್ದಪ್ಪನ ನೀರು" ಎಂದೆ.

ಮೂವತ್ತೆಂಟು ವರ್ಷದಲ್ಲಿ ಮೊದಲ ಸಲ. ನನ್ನ ದನಿ ನನಗೇ ಬೇರೆಯವರದ್ದು ಅನ್ನಿಸಿತು.

ಅಣ್ಣ ಸನಿಕೆ ಕೆಳಗಿಟ್ಟ. ಬಗ್ಗಿ, ಎರಡೂ ಕೈಯಲ್ಲಿ ಆ ಮಣ್ಣಿನ ಕಟ್ಟೆ ಕಿತ್ತ. ಆ ಕೈಗಳು ಕಲ್ಲು ಕಿತ್ತದ್ದು ನನಗೂ ಗೊತ್ತು, ಅವನಿಗೂ ಗೊತ್ತು. ನೀರು ಅವನ ಮೊಣಕೈ ದಾಟಿ ಒಳಗೆ ನುಗ್ಗಿತು. ಒದ್ದೆ ಕೈಯನ್ನು ಕಣ್ಣಿಗೆ ಒತ್ತಿಕೊಂಡು ಅಲ್ಲೇ ಕುಕ್ಕರುಗಾಲಲ್ಲಿ ಕುಳಿತ. ಆಮೇಲೆ ಏರಿಯ ಕಡೆ ತಿರುಗಿ, ಇದ್ದ ಉಸಿರೆಲ್ಲ ಸೇರಿಸಿ ಕೂಗಿದ:

"ಕರಿಸಿದ್ದಪ್ಪನ ನೀರು ಬಂತು, ದಾರಿ ಬಿಡ್ರಿ."

ಜುಂಜಮ್ಮ ಚೊಂಬು ಹಿಡಿದು ಬಂದಳು. ಆಣೆ ಅವಳಿಗೂ ಗೊತ್ತು, ಕೊಡಲೋ ಬೇಡವೋ ಅಂತ ನಿಂತಳು. ನಾನು ಆ ಚೊಂಬು ಇಸಿದುಕೊಂಡು, ಈಗ ತಾನೇ ಒಳಗೆ ಹೋದ ನೀರಿಗೆ ಬಗ್ಗಿ ತುಂಬಿಕೊಂಡೆ. ನಮ್ಮ ಮನೆಯದೇ ನೀರು ಅದು. ಮಣ್ಣು ಮಣ್ಣಾಗಿತ್ತು, ಕುಡಿದೆ.